ಜಾರುವ ಚೈನು ಮತ್ತು ನಮ್ಮ ಪಾಡಾದ ಪಂಡಿತರು

ಬೇರೆಯವರ ಮನೇಲಿ ಸೈಕಲ್ ಕೆಟ್ಟರೆ ರಿಪೇರಿ ಆಗುತ್ತೆ, ನಮ್ಮನೇಲಿ ಕೆಟ್ಟರೆ ಊರಹಬ್ಬ ಆಗುತ್ತೆ. ಅದೇನು ಗ್ರಹಚಾರವೋ! ಮಿಕ್ಸಿ ಕೆಟ್ಟಾಗಲೂ ಹೀಗೇ ಆಗಿತ್ತು, ಗೀಸರ್ ಕೆಟ್ಟಾಗಲೂ ಹೀಗೇ. ಆದರೆ ಕೋಲ್ಕತ್ತಾದಲ್ಲಿ ನಡೆದ ಸೈಕಲ್ ಪ್ರಕರಣದ ಮುಂದೆ ಅವೆಲ್ಲ ಏನೇನೂ ಅಲ್ಲ. ನೆನೆಸಿಕೊಂಡರೆ ಇವತ್ತಿಗೂ ನಾನು ಬಾಯಿ ಬಿಟ್ಟುಕೊಂಡು ಕೂರುತ್ತೇನೆ.

ಆಗ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳು ನಾಯಿಕೊಡೆ ಥರ ಏಳುತ್ತಿದ್ದ ಕಾಲ. ನಮ್ಮ ಯಜಮಾನರಿಗೆ ಅಲ್ಲಿ ಕೆಲಸ. ಮನೆ ಮಾತ್ರ ಸದರ್ನ್ ಅವೆನ್ಯೂ ಹಿಂದಿನ ಒಂದು ಗಲ್ಲಿಯಲ್ಲಿ, ಮಹಡಿ ಮೇಲೆ. ಕೆಳಗೆ ಮನೆ ಓನರ್ರು, ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟು ರಿಟೈರಾದವರು. ಬಂಗಾಳಿಗಳು ಚಿಕ್ಕಪ್ಪನಿಗೆ ಕಾಕು ಅಂತಾರೆ, ಚಿಕ್ಕಮ್ಮನಿಗೆ ಕಾಕಿಮಾ ಅಂತಾರೆ. ನಾವೂ ಆ ಗಂಡ ಹೆಂಡತಿಯನ್ನ ಹಾಗೇ ಕರೀತಿದ್ವಿ. ಅವರಿಗೆ ನಾನು ಬೌಮಾ, ಅಂದರೆ ಸೊಸೆ.

ನಿಲ್ಲದ ಸವಾರಿ

ಆಫೀಸಿಗೆ ಬಂದಿದ್ದ ಒಬ್ಬ ವಿದೇಶಿ ಕ್ಲೈಂಟು ತನ್ನ ದೇಶಕ್ಕೆ ವಾಪಸ್ ಹೊರಟಾಗ ತನ್ನ ಸೈಕಲನ್ನ ನಮ್ಮವರಿಗೆ ಕೊಟ್ಟುಹೋದ. ಅದು ಫಿಕ್ಸೆಡ್ ಗೇರ್ ಸೈಕಲ್ಲಂತೆ. ನಮ್ಮ ಸೈಕಲ್ಲುಗಳಲ್ಲಿ ತುಳಿಯೋದು ಬಿಟ್ಟರೂ ಚಕ್ರ ತನ್ನಷ್ಟಕ್ಕೆ ಉರುಳುತ್ತಲ್ಲ, ಇದರಲ್ಲಿ ಆ ಸುಖ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಬೇಕು. ಹಿಂದಕ್ಕೆ ತುಳಿದರೆ ಸೈಕಲ್ಲೂ ಹಿಂದಕ್ಕೇ ಹೋಗುತ್ತೆ. ನಿಲ್ಲಿಸಬೇಕಾದರೆ ಪೆಡಲನ್ನ ಕಾಲಿನಿಂದಲೇ ಹಿಂದಕ್ಕೆ ಒತ್ತಿ ಹಿಡೀಬೇಕು.

"ಬ್ರೇಕ್ ಎಲ್ರೀ?" ಅಂದೆ.

"ಮುಂದಿನ ಚಕ್ರಕ್ಕೆ ಒಂದಿದೆಯಲ್ಲ, ಅಷ್ಟು ಸಾಕಂತೆ."

"ಯಾರಿಗೆ ಸಾಕಂತೆ?"

ಭಾನುವಾರ ಬೆಳಿಗ್ಗೆ ಕರಿಬೇವು, ಕಾಫಿಪುಡಿ ತನ್ನಿ ಅಂತ ಲೇಕ್ ಮಾರ್ಕೆಟ್ಟಿಗೆ ಕಳಿಸಿದೆ. ಹೋದವರು ಬಹಳ ಹೊತ್ತಾದ ಮೇಲೆ ಬಂದರು. ಡಿಸೆಂಬರ್ ಚಳೀಲೂ ಮೈಯೆಲ್ಲ ಬೆವರು, ಕೈಚೀಲ ಖಾಲಿ.

"ಕರಿಬೇವು ಎಲ್ಲಿ?"

"ಲೇಕ್ ಮಾರ್ಕೆಟ್ ಸಿಕ್ಕಿತು ಕಣೇ. ಎರಡು ಸಲ ಸಿಕ್ಕಿತು. ನಿಲ್ಲೋಕಾಗಲಿಲ್ಲ."

ಆಗಿದ್ದಿಷ್ಟು. ನಿಲ್ಲಿಸೋಣ ಅಂತ ಪೆಡಲನ್ನ ಹಿಂದಕ್ಕೆ ಒತ್ತಿದಾಗೆಲ್ಲ ಚೈನು 'ಖಟಕ್' ಅಂತ ಜಾರಿ ಕಾಲಿಗೆ ಹಿಡಿತವೇ ಸಿಗುತ್ತಿರಲಿಲ್ಲವಂತೆ. ಮುಂದಿನ ಬ್ರೇಕು ಹೆಸರಿಗೆ ಮಾತ್ರ ಇತ್ತು.

"ಮತ್ತೆ ಈಗ ಹೇಗೆ ನಿಂತಿರಿ?"

"ನಮ್ಮ ಗೇಟು ಹಾಕಿತ್ತಲ್ಲ," ಅಂತ ಹಣೆ ಸವರಿಕೊಂಡರು.

ಕಾಕು ಕಣ್ಣು ಬಿತ್ತು

ಪಾಡಾ ಅಂದರೆ ಅಲ್ಲಿ ಬರೀ ಕೇರಿ ಅಲ್ಲ, ಒಂದು ಪುಟ್ಟ ದೇಶ. ನಮ್ಮ ದೇಶಕ್ಕೆ ಕಾಕುನೇ ಅಧ್ಯಕ್ಷರು. ಪ್ರತಿ ಚಳಿಗಾಲ ಪಕ್ಕದ ಪಾಡಾದ ಜೊತೆ ಆಟೋಟದ ಸ್ಪರ್ಧೆ ನಡೀತಿತ್ತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಹಿಂದೆ ಉಳಿದವನು ಗೆದ್ದ. ಅದರ ಶೀಲ್ಡು ವರ್ಷ ವರ್ಷವೂ ಪಕ್ಕದ ಪಾಡಾಕ್ಕೇ ಹೋಗುತ್ತಿತ್ತು. ಅಲ್ಲೊಬ್ಬರು ಸಿಹಿತಿಂಡಿ ಅಂಗಡಿ ಮಾಲೀಕರಿದ್ದರು, ಭಾರೀ ಆಳು. ಅವರನ್ನ ನಿಧಾನದಲ್ಲಿ ಮೀರಿಸುವ ಮನುಷ್ಯ ಆ ಸೀಮೆಯಲ್ಲೇ ಹುಟ್ಟಿರಲಿಲ್ಲ.

ಕಾಕು ನಮ್ಮ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇದು ನಿಂತಲ್ಲೇ ನಿಲ್ಲುತ್ತಾ?"

"ಗೊತ್ತಿದ್ದವರು ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಒತ್ತಿ ನಿಲ್ಲಿಸ್ತಾರೆ. ಆದರೆ ಈ ಚೈನು ಜಾರುತ್ತೆ ಕಾಕು," ಅಂದರು ನಮ್ಮವರು.

"ಚೈನು ನಮಗೆ ಬಿಡು. ಈ ಸಲ ನಮ್ಮ ಪಾಡಾದ ಪರವಾಗಿ ನೀನು!"

ನಮ್ಮವರ ಮುಖ ನೋಡಬೇಕಿತ್ತು ನೀವು. ಪಾಪ, ಆ ಮನುಷ್ಯ ಹುಟ್ಟಿದಾರಭ್ಯ ಏನನ್ನೂ ಗೆದ್ದವರಲ್ಲ. ಸ್ಕೂಲಿನಲ್ಲಿ ಲೆಮನ್ ಅಂಡ್ ಸ್ಪೂನಿನಲ್ಲಿ ಕೂಡ ಒಂದು ಸೋಪಿನ ಡಬ್ಬಿ ಬಂದಿಲ್ಲ. ಆಫೀಸಿನಲ್ಲಿ ಇವರು ಕೋಡ್ ಬರೆದರೆ ಚಪ್ಪಾಳೆ ಇನ್ಯಾರಿಗೋ. ಒಂದೇ ಒಂದು ಸಲ ಈ ಮನುಷ್ಯ ನಾಲ್ಕು ಜನರ ಮುಂದೆ ಗೆಲ್ಲೋದನ್ನ ನೋಡಬೇಕು ಅಂತ ನನಗೆ ಬಹಳ ಆಸೆಯಾಯಿತು.

ಅಷ್ಟರಲ್ಲಿ ಇವರು ನನ್ನ ಕಿವಿಯಲ್ಲಿ, "ನಿಧಾನಕ್ಕೆ ಹೋಗೋದು ತಾನೇ, ನಮ್ಮ ಪ್ರಾಜೆಕ್ಟಿನಲ್ಲಿ ಅದೇ ಅಭ್ಯಾಸ," ಅಂದರು.

ಸಾಸಿವೆ ಎಣ್ಣೆ ಚಿಕಿತ್ಸೆ

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಇಡೀ ಪಾಡಾ ಮಂಕಿ ಕ್ಯಾಪ್ ಹಾಕಿಕೊಂಡು ನಿಂತಿತ್ತು. ಸೈಕಲ್ಲನ್ನ ತಲೆಕೆಳಗಾಗಿ ನಿಲ್ಲಿಸಿದ್ದರು. ಒಬ್ಬರು ಇದು ಚೈನಿನ ದೋಷ ಅಂದರು, ಒಬ್ಬರು ಹಲ್ಲಿನ ದೋಷ ಅಂದರು, ಇನ್ನೊಬ್ಬರು ಬಂಡವಾಳಶಾಹಿಯ ದೋಷ ಅಂದರು. ಟೀ ಬಂತು, ಮತ್ತೆ ಟೀ ಬಂತು. ಚೈನನ್ನ ಯಾರೂ ಮುಟ್ಟಿರಲಿಲ್ಲ. ಒಂದು ತುಂಡು ಕಬ್ಬಿಣದ ಬಗ್ಗೆ ಇಷ್ಟು ಹೊತ್ತು, ಇಷ್ಟು ಪ್ರೀತಿಯಿಂದ ಜಗಳ ಆಡಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಿಜ ಹೇಳ್ತೀನಿ, ನೋಡ್ತಾ ನೋಡ್ತಾ ಒಲೆ ಮೇಲಿದ್ದ ಹಾಲು ಮರೆತೆ.

ಕೊನೆಗೆ ಎಲ್ಲರೂ ಒಪ್ಪಿದ್ದು ಒಂದೇ ಮಾತು, ಸಾಸಿವೆ ಎಣ್ಣೆ. ಅಲ್ಲಿ ಮೀನಿಗೂ ಅದೇ, ಮೂಗು ಕಟ್ಟಿದರೂ ಅದೇ, ಮಗುವಿನ ಮೈಗೂ ಅದೇ. ಚೈನಿಗೆ ಯಾಕಾಗಬಾರದು? ಧಾರಾಳವಾಗಿ ಸುರಿದರು.

ಜಾರುತ್ತಿದ್ದ ಚೈನು ಮೊದಲಿಗಿಂತ ಜಾಸ್ತಿ ಜಾರಿತು, ಸದ್ದು ಮಾತ್ರ ಇಲ್ಲ. ಅವತ್ತಿಡೀ ನಮ್ಮವರು ಎಲ್ಲಿ ಹೋದರೂ ಪಾಡಾದ ಬೆಕ್ಕುಗಳೆಲ್ಲ ಸಾಲಾಗಿ ಹಿಂದೆ ಬಂದವು. ಕಾಕು ಅದನ್ನ ನೋಡಿ, "ಆಗಲೇ ಅಭಿಮಾನಿಗಳು ಹುಟ್ಟಿಕೊಂಡರು," ಅಂತ ಬೀಗಿದರು.

ಉಲ್ಟಾ ಮಂತ್ರ

ನಮ್ಮವರು ಆಮೇಲೆ ತಾವೇ ಕೂತರು. ಸಾಫ್ಟ್‌ವೇರಿನವರು ನೋಡಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಟೆಸ್ಟಿಂಗ್. ಮೊದಲು ಎಣ್ಣೆ ಒರೆಸಿದರು. ಚೈನು ಹಳೇ ಬಟ್ಟೆ ಹಗ್ಗದಂತೆ ಜೋತು ಬಿದ್ದಿತ್ತು. ಹಿಂದಿನ ಚಕ್ರವನ್ನ ಹಿಂದಕ್ಕೆ ಎಳೆದು ನಟ್ಟು ಬಿಗಿದರು. ಚೈನು ಹದವಾಗಿ ಬಿಗಿಯಾಯಿತು. ಮುಂದಕ್ಕೆ ತುಳಿದರೆ ಬೆಣ್ಣೆಯಂತೆ ಹೋಯಿತು. ಹಿಂದಕ್ಕೆ ಒತ್ತಿದರೆ ಮಾತ್ರ ಅದೇ 'ಖಟಕ್'!

ಹುಡುಕಿ ನೋಡಿದರೆ ಜಾರುತ್ತಿದ್ದದ್ದು ಚೈನೇ ಅಲ್ಲ. ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಬಿಲ್ಲೆ ಇರುತ್ತಲ್ಲ, ಅದನ್ನ ಅದುಮಿ ಹಿಡಿಯುವ ಒಂದು ಉಂಗುರ ಸಡಿಲ ಆಗಿತ್ತು. ಹಿಂದಕ್ಕೆ ಒತ್ತಿದಾಗ ಬಿಲ್ಲೆಯೇ ಬಿಚ್ಚಿಕೊಳ್ಳುತ್ತಿತ್ತು. ಇಷ್ಟು ಗೊತ್ತಾಗಿದ್ದೇ ತಡ, ಪಾಡಾ ಮತ್ತೆ ಸೇರಿತು, ಗಲ್ಲಿ ತುದಿಯ ಸೈಕಲ್ ಅಂಗಡಿಯವನು ನಟ್ಟು ತಿರುಗಿಸುವ ಪಾನಾ ತಂದ. ಉಂಗುರವನ್ನ ಬಲಕ್ಕೆ ತಿರುಗಿಸಿದ.

"ಇನ್ನೂ ತಿರುಗುತ್ತೆ, ಬಿಗಿ ಮಾಡು," ಅಂದರು ಕಾಕು. ಅವನು ತಿರುಗಿಸಿದ. "ಇನ್ನೂ ಜಾಗ ಇದೆ, ಬಿಗಿ, ಬಿಗಿ!" ಅಂತ ಎಲ್ಲರೂ ಕೂಗಿದರು. ಅವನು ಹಲ್ಲು ಕಚ್ಚಿ ಬಿಗಿ ಮಾಡಿದ, ಮಾಡಿದ, ಮಾಡಿದ. ಉಂಗುರ ಪೂರ್ತಿ ಕಳಚಿ ಅವನ ಕೈಗೇ ಬಂತು.

ಬಿಗಿ ಅಂತ ಕೂಗಿದವರೆಲ್ಲ ಈಗ ಒಬ್ಬರ ಮೇಲೊಬ್ಬರು ತಪ್ಪು ಹಾಕಿದರು.

ಜಗಲಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ಕಾಕಿಮಾ ತಲೆ ಎತ್ತದೆ ಹೇಳಿದರು, "ಎಡಕ್ಕೆ ತಿರುಗಿಸಿ."

"ಎಡಕ್ಕೆ ತಿರುಗಿಸಿದರೆ ಸಡಿಲ ಆಗುತ್ತೆ. ನಾನು ಫಿಸಿಕ್ಸ್ ಪಾಠ ಮಾಡಿದವನು," ಅಂದರು ಕಾಕು.

"ಎಡಕ್ಕೆ," ಅಂದರು ಕಾಕಿಮಾ.

ಬೇರೆ ದಾರಿ ಇರಲಿಲ್ಲ. ಉಂಗುರ ಕೂರಿಸಿ ಎಡಕ್ಕೆ ತಿರುಗಿಸಿದರು. ಗಟ್ಟಿಯಾಗಿ ಕಚ್ಚಿಕೊಂಡಿತು! ಆ ಉಂಗುರದ ತಿರುಪೇ ಉಲ್ಟಾ, ಎಡಕ್ಕೆ ತಿರುಗಿಸಿದರೇ ಬಿಗಿ. ಪೆಡಲ್ ಹಿಂದಕ್ಕೆ ಒತ್ತಿದರೆ ಬಂಡೆ. ನಾನು ಓಡಿಹೋಗಿ ಕಾಕಿಮಾ ಕಾಲಿಗೆ ಬೀಳೋದೊಂದು ಬಾಕಿ. "ನಿಮಗೆ ಹೇಗೆ ಗೊತ್ತಾಯಿತು ಕಾಕಿಮಾ?"

"ನನಗೆ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲ ಬೌಮಾ," ಅಂದರು. "ನಿಮ್ಮ ಕಾಕು ಏನು ಹೇಳ್ತಾರೋ ಅದರ ಉಲ್ಟಾ ಮಾಡಬೇಕು ಅಂತ ಮಾತ್ರ ಗೊತ್ತು. ಮದುವೆಯಾದಾಗಿನಿಂದ ಒಂದು ಸಲವೂ ತಪ್ಪಿಲ್ಲ."

ಕದಲದ ವೀರ

ಅವತ್ತಿನಿಂದ ನಮ್ಮವರು ಆಫೀಸಿಗೆ ಹೊರಡುವ ಮುಂಚೆ ತಾರಸಿ ಮೇಲೆ ಸೈಕಲ್ ಹತ್ತಿ ನಿಂತಲ್ಲೇ ನಿಲ್ಲುವ ಅಭ್ಯಾಸ ಮಾಡಿದರು. ಮೊದಮೊದಲು ಒಣಗಲು ಹಾಕಿದ ಸೀರೆಗಳ ಮೇಲೆ ಬಿದ್ದರು. ಬರಬರುತ್ತಾ ಪರವಾಗಿಲ್ಲ ಅನ್ನುವಷ್ಟು ಹೊತ್ತು ನಿಂತರು.

ಸ್ಪರ್ಧೆಯ ದಿನ ಮೈದಾನದಲ್ಲಿ ಕಾಲಿಡೋಕೆ ಜಾಗ ಇಲ್ಲ. ಸೀಟಿ ಊದಿದರು. ಎಲ್ಲರೂ ಬಸವನಹುಳುವಿನಂತೆ ಹೊರಟರು. ನಮ್ಮವರು ಹೊರಡಲೇ ಇಲ್ಲ! ಗೆರೆ ದಾಟಿದಲ್ಲೇ ನಿಂತರು. ಮುಂದೆ ಒಂದು ಚೂರು, ಹಿಂದೆ ಒಂದು ಚೂರು, ಅಷ್ಟೇ. ಚೈನು ಜಾರಲಿಲ್ಲ. ಒಬ್ಬೊಬ್ಬರೇ ಕಾಲು ಊರಿ ಔಟಾದರು. ಉಳಿದದ್ದು ಆ ಸಿಹಿ ಅಂಗಡಿ ಮಾಲೀಕರು ಮತ್ತು ನಮ್ಮವರು. ಆಗ ನಮ್ಮವರು ಮೆಲ್ಲಗೆ ಹಿಂದಕ್ಕೆ ಹೋದರು, ದೇವರಾಣೆ, ಹಿಂದಕ್ಕೆ! ಜನ "ಓ ಮಾ!" ಅಂದರು. ಏನಾಯಿತು ಅಂತ ಮಾಲೀಕರು ತಿರುಗಿ ನೋಡಿದರು. ಕಣ್ಣು ಬಾಯಿ ಎಲ್ಲ ಬಿಟ್ಟರು, ಕಾಲೂ ಬಿಟ್ಟರು. ಔಟ್!

ನಾನು ಚಪ್ಪಾಳೆ ಹೊಡೆಯುವಷ್ಟರಲ್ಲಿ ಪಕ್ಕದ ಪಾಡಾದವರು ಮೈದಾನಕ್ಕೆ ನುಗ್ಗಿದರು. "ಹಿಂದಕ್ಕೆ ಹೋದವನು ಸ್ಪರ್ಧೆಯಲ್ಲೇ ಇಲ್ಲ!"

"ನಿಧಾನ ಅಂದರೇನು?" ಅಂತ ಕಾಕು ಎದೆ ಸೆಟೆಸಿದರು. "ನಿಂತರೆ ವೇಗ ಸೊನ್ನೆ. ಹಿಂದಕ್ಕೆ ಹೋದರೆ ಸೊನ್ನೆಗಿಂತ ಕಡಿಮೆ. ಇದಕ್ಕಿಂತ ನಿಧಾನ ಈ ವಿಶ್ವದಲ್ಲಿ ಇಲ್ಲ!"

ಸರಿ, ಶುರುವಾಯಿತು ವಾದ. ಟೀ ಬಂತು. ತೀರ್ಪುಗಾರರು ಹೇಳಿದ್ದು ಒಂದೇ ಮಾತು, "ತೀರ್ಮಾನ ಆಗುವ ತನಕ ಸವಾರ ಕಾಲು ಊರಿದರೆ ಔಟ್." ನನ್ನ ಜೀವ ಬಾಯಿಗೆ ಬಂತು. ನಮ್ಮವರ ತೊಡೆ ಗಡಗಡ ನಡುಗುತ್ತಿತ್ತು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆದರೂ ಮನುಷ್ಯ ರೆಪ್ಪೆ ಬಡಿಯದೆ ನಿಂತಿದ್ದರು. ಮೆಲ್ಲಮೆಲ್ಲಗೆ ವಾದದ ಸದ್ದು ಅಡಗಿತು. ಎಲ್ಲರೂ ಅವರನ್ನೇ ನೋಡತೊಡಗಿದರು. "ಇದು ಯೋಗ," ಅಂತ ಯಾರೋ ಪಿಸುಗುಟ್ಟಿದರು. ಒಬ್ಬ ಅಜ್ಜಿ ಕೈ ಮುಗಿದೇಬಿಟ್ಟರು. ಕಟ್ಟಿಕೊಂಡ ಗಂಡನನ್ನ ನಾನು ಅವತ್ತೇ ಮೊದಲ ಸಲ ನೋಡಿದ ಹಾಗಾಯಿತು. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಕೊನೆಗೆ ಆ ಮಾಲೀಕರೇ ಮುಂದೆ ಬಂದರು. "ಇಷ್ಟು ವರ್ಷ ನಾನು ಗೆದ್ದಿದ್ದು ನನ್ನ ಭಾರದಿಂದ. ಇವರು ಗೆದ್ದಿದ್ದು ಮನೋಬಲದಿಂದ. ಶೀಲ್ಡು ಇವರಿಗೇ ಕೊಡಿ," ಅಂದುಬಿಟ್ಟರು. ಮೈದಾನ ಕಿತ್ತುಹೋಗುವ ಹಾಗೆ ಚಪ್ಪಾಳೆ, ಶಂಖ, ಕೇಕೆ!

ನಾನು ಓಡಿಹೋದೆ. "ಗೆದ್ದಿರಿ ಕಣ್ರೀ, ಗೆದ್ದಿರಿ! ಸಾಕು, ಇಳೀರಿ."

ಅವರು ತುಟಿ ಅಲ್ಲಾಡಿಸದೆ ಕನ್ನಡದಲ್ಲಿ ಹೇಳಿದರು, "ಮೊದಲು ಹಿಡ್ಕೊಳೇ. ಎರಡೂ ಕಾಲಿನ ಶೂ ಲೇಸು ಪೆಡಲಿಗೆ ಸುತ್ತಿಕೊಂಡಿದೆ. ಇಲ್ಲದಿದ್ದರೆ ಆಗಲೇ ಕಾಲು ಊರಿ ಮನೆಗೆ ಹೋಗಿಬಿಡ್ತಿದ್ದೆ!"