ಮಾವ ಮತ್ತು ಚದುರಂಗದ ಪೆಟ್ಟಿಗೆ

ಕಂಪ್ಯೂಟರಿಗೆ ಕಾಫಿ ಬೇಕೇ ಎಂದು ಕೇಳಿದ ಮೊದಲ ಮನುಷ್ಯ ನಮ್ಮ ಸೋದರಮಾವ ಎಂದು ನಾನು ಯಾವ ಪಂಚಾಯಿತಿ ಕಟ್ಟೆಯಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಕೇಳಿದ್ದು ತಮಾಷೆಗಲ್ಲ. ಎದುರಾಳಿ ಬಹಳ ಹೊತ್ತಿನಿಂದ ಯೋಚಿಸುತ್ತಿದ್ದಾನೆ, ಪಾಪ ದಣಿದಿರಬಹುದು ಎಂಬ ಕಾಳಜಿಯಿಂದ.

ಮಾವ ಜಂಗಮಕೋಟೆಯಲ್ಲಿ ಗಣಿತದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅತ್ತೆ ರೇಷ್ಮೆ ಹುಳು ಸಾಕುತ್ತಿದ್ದರು, ಮಾವ ಚದುರಂಗಕ್ಕೆ ಜೊತೆ ಹುಡುಕುತ್ತಿದ್ದರು. ಊರಿನಲ್ಲಿ ಯಾರೂ ಸಿಗುತ್ತಿರಲಿಲ್ಲ. ತಪ್ಪು ನಡೆ ಇಟ್ಟವರಿಗೆ ಸರಿಯಾದ ನಡೆಯನ್ನು ಐದು ಸಲ ಬರೆಯಲು ಹೇಳಿದರೆ ಯಾರು ತಾನೇ ಎರಡನೇ ದಿನ ಬರುತ್ತಾರೆ?

ಕೈಗೆ ಮೊಬೈಲು ಆಗತಾನೇ ಬರುತ್ತಿದ್ದ ಕಾಲ ಅದು. ಚಿಂತಾಮಣಿಯಲ್ಲಿದ್ದ ನಾನು ಹೊಸ ಕಂಪ್ಯೂಟರ್ ಕೊಂಡು, ಹಳೆಯದನ್ನು ಚದುರಂಗದ ಸಿ.ಡಿ. ಸಮೇತ ಮಾವನಿಗೆ ಕೊಟ್ಟುಬಂದೆ. ಮಾಡಿದ ಉಪಕಾರ ಅಷ್ಟೇ.

ಮುಂದಿನ ತಿಂಗಳು ಹೋದಾಗ ಮಾವ ನನ್ನನ್ನು ಬಾಗಿಲಲ್ಲೇ ತಡೆದು, "ಶ್, ಯೋಚ್ನೆ ಮಾಡ್ತಾ ಅವ್ನೆ" ಎಂದರು. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋಗಿ, ಕುದುರೆಯನ್ನು ಬಲಿ ಕೊಟ್ಟು ಮಂತ್ರಿಯನ್ನು ಹೊಡೆಯುವ ತಮ್ಮ ಗುಟ್ಟನ್ನೆಲ್ಲ ತೆಲುಗಿನಲ್ಲಿ ವಿವರಿಸಿದರು.

"ಮಾವ, ಅದಕ್ಕೆ ಕನ್ನಡಾನೂ ಬರಲ್ಲ."

"ನಿಂಗೇನೋ ಗೊತ್ತು? ಒಂದು ತಿಂಗಳಿಂದ ನಮ್ಮನೇಲೇ ಐತೆ. ಕಲ್ತಿರ್ತದೆ."

ಮೊದಲು ಮಾವ ಒಂದೇ ಸಮನೆ ಸೋತರು. ಆಮೇಲೆ ಒಂದು ದಿನ ಗೆದ್ದರು. ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಅಲ್ಲಿಂದಾಚೆಗೆ ಗೆಲುವೋ ಗೆಲುವು! ನಡುನಡುವೆ ಸೋತರೂ, ಇನ್ನೇನು ಎದ್ದುಬಿಡಬೇಕು ಎನ್ನುವಷ್ಟರಲ್ಲಿ ಮತ್ತೆ ಗೆಲ್ಲುತ್ತಿದ್ದರು. ಗೆದ್ದಾಗಲೆಲ್ಲ ಪರದೆಗೆ ಕೈ ಮುಗಿದು, "ಭೇಷ್, ಚೆನ್ನಾಗಾಡ್ದೆ" ಎಂದು ಬೆನ್ನು ತಟ್ಟುವಂತೆ ಪೆಟ್ಟಿಗೆಯ ತಲೆ ತಟ್ಟುತ್ತಿದ್ದರು. ಗೌರಿಬಿದನೂರಿನಲ್ಲಿ ತಮ್ಮನ ಮಗಳ ಮದುವೆಗೆ ಹೊರಟು, ಬಸ್ಸಿಗೆ ಇನ್ನೂ ಸಮಯವಿದೆಯೆಂದು ಒಂದೇ ಒಂದು ಆಟಕ್ಕೆ ಕೂತರು. ಮದುವೆಮನೆ ತಲುಪಿದಾಗ ಚಪ್ಪರ ಬಿಚ್ಚುತ್ತಿದ್ದರು.

ಇಲ್ಲಿಯವರೆಗೆ ನಗಬಹುದಾಗಿತ್ತು. ಆದರೆ ಒಂದು ಬೆಳಿಗ್ಗೆ ಅತ್ತೆಗೆ ಜ್ವರ ಬಂದು, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರುವ ಕೆಲಸ ಮಾವನ ಪಾಲಿಗೆ ಬಿತ್ತು. ಗೂಡು ಕಟ್ಟಲು ನಾಲ್ಕೈದು ದಿನವಿರುವ ಹುಳುಗಳ ಹಸಿವೆಂದರೆ ಸಾಮಾನ್ಯವಲ್ಲ. ಮಧ್ಯಾಹ್ನ ನಾನು ಹೋದಾಗ ಮಾವ ಪರದೆಯ ಮುಂದೆ ಕೂತಿದ್ದರು. ಅತ್ತೆ ತಲೆಗೆ ಬಟ್ಟೆ ಸುತ್ತಿಕೊಂಡು, ನಡುಗುತ್ತ, ಸೊಪ್ಪಿನ ಹೊರೆ ಹೊತ್ತು ಅಂಗಳಕ್ಕೆ ಬರುತ್ತಿದ್ದರು. ಬಯ್ಯಲಿಲ್ಲ, ಅಳಲಿಲ್ಲ. ಹೊರೆ ಇಳಿಸಿ, "ಹುಳ ತಲೆ ಎತ್ಕೊಂಡು ನೋಡ್ತಾವೆ ಕಣಪ್ಪ" ಎಂದಷ್ಟೇ ನನಗೆ ಹೇಳಿ ಒಳಗೆ ಹೋದರು.

ನನಗೆ ರೇಗಿತು. ಮಾವನನ್ನು ಎಬ್ಬಿಸಿ ಆ ಆಟದ ಒಳಗನ್ನೆಲ್ಲ ಕೆದಕಿದೆ. ಅಲ್ಲಿ ಒಂದು ಆಯ್ಕೆಯ ಮುಂದೆ ಗುರುತು ಹಾಕಿತ್ತು: ಆಡುವವರ ಮಟ್ಟ ನೋಡಿಕೊಂಡು ಯಂತ್ರ ತನ್ನ ಮಟ್ಟವನ್ನು ಇಳಿಸಿಕೊಳ್ಳುತ್ತದೆ. ಅದನ್ನು ಮಾವನಿಗೆ ಓದಿ ಹೇಳಿದೆ.

ಮಾವ ಬಗ್ಗಿ ಆ ಸಾಲನ್ನು ತಾವೇ ಇನ್ನೊಮ್ಮೆ ಓದಿದರು. "ಅಂದ್ರೆ ಬೇಕೂಂತ್ಲೇ ಸೋಲ್ತಿತ್ತಾ?"

"ಹೂಂ ಮಾವ."

"ನಾನು ಎದ್ದು ಹೋಗ್ಬಾರ್ದು ಅಂತ?"

ಮಾವ ಪರದೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ನಾನೇನೋ ಮುದುಕ. ಇದೇ ಇನ್ನೂ ಬುದ್ಧಿ ಬೆಳೆಸ್ಕೊಂಡು ಮಕ್ಕಳ ಮುಂದೆ ಕೂತ್ರೆ? ಯಾವ ಮಗೀಗೆ ಏನು ಕೊಟ್ರೆ ಏಳಲ್ಲ ಅಂತ ಅಪ್ಪ ಅಮ್ಮನಿಗಿಂತ ಮೊದ್ಲು ಇದಕ್ಕೇ ಗೊತ್ತಾಗ್ತದಲ್ಲೋ."

ನಾನಾಗ ನಕ್ಕುಬಿಟ್ಟೆ. ಈಗ ನಗಲಾರೆ. ಅಂದೇ ಮಾವ ಕಂಪ್ಯೂಟರಿನ ಮೇಲೆ ಹಳೇ ಪಂಚೆ ಹೊದಿಸಿ, ಸೊಪ್ಪು ತರಲು ತಾವೇ ತೋಟಕ್ಕೆ ಹೋದರು.

ಮೂರ್ನಾಲ್ಕು ತಿಂಗಳ ಮೇಲೆ ನನ್ನ ಕಚೇರಿಗೆ ಮಾವನ ಫೋನು ಬಂತು. ಯಾರಿಗೇನಾಯಿತೋ ಎಂದುಕೊಂಡೇ ಎತ್ತಿಕೊಂಡೆ.

"ಸೋತೆ ಕಣೋ," ಎಂದರು. ದನಿಯಲ್ಲಿ ಹಬ್ಬ. "ನಿಮ್ಮತ್ತೆ ಕೈಲಿ. ನಾನು ಬಿಟ್ಟುಕೊಟ್ಟಿಲ್ಲ, ಅವಳೂ ಬಿಡ್ಲಿಲ್ಲ. ನಿಜವಾಗ್ಲೂ ಸೋತೆ."

ಭಾನುವಾರ ಹೋದೆ. ಅತ್ತೆ ಜಗುಲಿಯಲ್ಲಿ ಸೊಪ್ಪು ಹೆಚ್ಚುತ್ತಿದ್ದರು. ಯಾವಾಗ ಕಲಿತಿರಿ ಎಂದು ಕೇಳಿದೆ.

"ಕಲಿಯೋದೇನಪ್ಪ? ಆಟ ಮುಗುದ್ಮೇಲೆ ಆ ಪೆಟ್ಟಿಗೆಗೆ ಒಂದೊಂದು ನಡೇನೂ ಬಿಡಿಸಿ ಬಿಡಿಸಿ ಹೇಳೋರು. ಅದು ಕೇಳುಸ್ಕೊಳ್ತೋ ಇಲ್ವೋ. ನಾನು ಒಲೆ ಮುಂದೆ ಕೂತು ಕೇಳುಸ್ಕೊಂಡೆ."

"ಮಾವ ಏನಂದ್ರು ಸೋತಾಗ?"

ಅತ್ತೆಯ ಕೈ ನಿಂತಿತು.

"ಏನೂ ಅನ್ಲಿಲ್ಲ. ಮಣೆ ಬಿಟ್ಟು ತಲೆ ಎತ್ತಿ ನನ್ನ ಮುಖ ನೋಡುದ್ರು. ಸುಮ್ನೆ ನೋಡ್ತಾನೇ ಇದ್ರು ಕಣಪ್ಪ. ನಂಗೆ ನಾಚ್ಕೆಯಾಗಿ ಒಳಗೆ ಎದ್ದು ಹೋದೆ."