ಮಾವನ ಮನೆಯ ಫೋನಿನ ಸರದಿ

ನಮ್ಮ ಮಾವ ದಕ್ಷಿಣ ದೆಹಲಿಯಲ್ಲಿ ಯಾರ ಮನೆಯ ಫೋನನ್ನು ಬೇಕಾದರೂ ಸರಿಮಾಡಬಲ್ಲರು, ತಮ್ಮ ಮನೆಯದೊಂದನ್ನು ಬಿಟ್ಟು! ಕೈಲಾಗುವುದಿಲ್ಲ ಎಂದಲ್ಲ. ಸರದಿ ಬರಬೇಕಲ್ಲ?

ಮಾವ ಅಂದರೆ ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಫೋನ್ ಇಲಾಖೆಯಲ್ಲಿ ಲೈನ್ ರಿಪೇರಿಯ ಕೆಲಸ. ಇಸವಿ ಎರಡು ಸಾವಿರ ದಾಟಿದ ಹೊಸತು. ಮೊಬೈಲು ಇನ್ನೂ ನಮ್ಮಂಥವರ ಮನೆಗೆ ಬಂದಿರಲಿಲ್ಲ. ಎಂ.ಎ. ಓದಲು ಹೋದ ನಾನು ಮುನಿರ್ಕಾದ ಅವರ ಎರಡು ಕೋಣೆಯ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಕಣ್ಣಾರೆ ಕಂಡದ್ದು ಅಲ್ಲಿಯೇ.

ಅವರ ಮನೆಯ ಫೋನು ಕೆಟ್ಟರೆ ಮಾವ ಬೀದಿ ಕೊನೆಯ ಫೋನ್ ಬೂತಿಗೆ ಹೋಗಿ, ಎಲ್ಲರಂತೆ ಇಲಾಖೆಗೆ ಫೋನು ಮಾಡಿ ದೂರು ಬರೆಸಿ, ನಂಬರು ಪಡೆದು ಬರುತ್ತಿದ್ದರು. ಸರದಿ ಬಂದ ದಿನ ಹೆಗಲಿಗೆ ಚೀಲ ಹಾಕಿಕೊಂಡು ತಮ್ಮದೇ ಮನೆಯ ಬೆಲ್ ಒತ್ತುತ್ತಿದ್ದರು!

"ಟೆಲಿಫೋನ್ ಆಫೀಸಿಂದ ಬಂದಿದೀನಿ ಮೇಡಂ."

"ಕಾಲು ತೊಳ್ಕೊಂಡು ಬನ್ನಿ, ಚಹಾ ಮಾಡ್ತೀನಿ," ಎಂದು ಅತ್ತೆ.

"ಡ್ಯೂಟೀಲಿ ಚಹಾ ಕುಡಿಯಲ್ಲ. ಇಲ್ಲಿ ಸಹಿ ಹಾಕಿ."

ಅತ್ತೆ ಹಲ್ಲು ಕಚ್ಚಿಕೊಂಡು ಸಹಿ ಹಾಕುತ್ತಿದ್ದರು. ಮಾವ ಹೊರಗೆ ಹೋಗಿ, ಚೀಲವನ್ನು ಸ್ಕೂಟರಿನಲ್ಲಿಟ್ಟು, ಮತ್ತೆ ಒಳಗೆ ಬಂದು, "ಏನೇ, ಚಹಾ ಎಲ್ಲಿ?" ಎನ್ನುತ್ತಿದ್ದರು. ಇಂಥವರ ಜೊತೆ ಸಂಸಾರ ಮಾಡಿದ ಅತ್ತೆಗೆ ಪದಕ ಕೊಡಬೇಡವೇ?

ಇನ್ನೊಂದು ಹುಚ್ಚು: ಲೈನು ಸರಿಹೋದ ಮೇಲೆ ಆ ಮನೆಯವರು ಯಾರಿಗಾದರೂ ಫೋನು ಮಾಡಿ ಮಾತಾಡುವವರೆಗೆ ಮಾವ ಜಾಗ ಬಿಡುತ್ತಿರಲಿಲ್ಲ. ಒಬ್ಬ ಪಂಜಾಬಿ ಅಜ್ಜಿ, "ಯಾರಿಗೆ ಮಾಡಲಿ ಭಯ್ಯಾ? ಇರೋಳು ಒಬ್ಬ ತಂಗಿ, ಅವಳ ಜೊತೆ ಮಾತು ಬಿಟ್ಟು ವರ್ಷಗಳಾದವು," ಎಂದಳಂತೆ. "ಹಾಗಾದ್ರೆ ಅವರಿಗೇ ಮಾಡಿ ಮಾತಾಜಿ, ಜಗಳಕ್ಕೂ ಲೈನು ಬೇಕಲ್ಲ," ಎಂದರಂತೆ ಮಾವ. ಅಕ್ಕತಂಗಿಯರು ಫೋನಿನಲ್ಲೇ ಒಂದು ಗಂಟೆ ಅತ್ತರು. ಅಷ್ಟರಲ್ಲಿ ಡ್ಯೂಟಿಯ ಹೊತ್ತು ಮುಗಿದಿತ್ತು; ಮಾವ ಮೂರು ಲೋಟ ಲಸ್ಸಿ ಕುಡಿದು ಬಂದು ರಾತ್ರಿಯೂಟ ಬೇಡವೆಂದರು.

ಇದೆಲ್ಲ ನಗುವ ಮಾತಾಯಿತು. ಆದರೆ ಆ ಮೇ ತಿಂಗಳಲ್ಲಿ ನನಗೆ ನಗು ಬರಲಿಲ್ಲ. ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಸೋಮವಾರ ಹೃದಯದ ಆಪರೇಷನ್. ಪರೀಕ್ಷೆ ಬಿಟ್ಟು ಬರಕೂಡದೆಂದು ಅಪ್ಪನದೇ ಆಜ್ಞೆ. ಆಪರೇಷನ್ ಮುಗಿದ ಕೂಡಲೇ ಆಸ್ಪತ್ರೆಯ ಎದುರಿನ ಬೂತಿನಿಂದ ಅಮ್ಮ ಫೋನು ಮಾಡಬೇಕು. ಅವಳ ಬಳಿ ಇದ್ದದ್ದು ಮಾವನ ಮನೆಯ ನಂಬರೊಂದೇ. ನಾವಾಗಿಯೇ ಆ ಬೂತಿಗೆ ಮಾಡಿದರೆ ಅವಳನ್ನು ಕರೆದುಕೊಡುವವರಿಲ್ಲ. ಶುಕ್ರವಾರ ಸಂಜೆ ಆಂಧಿ, ಅಂದರೆ ದೆಹಲಿಯ ಧೂಳಿನ ಬಿರುಗಾಳಿ, ಬೀಸಿತು. ಮಣ್ಣು, ಗಾಳಿ, ಮುರಿದ ಕೊಂಬೆ. ಬೀದಿಯ ಅರ್ಧದಷ್ಟು ಫೋನುಗಳು ಸತ್ತವು, ನಮ್ಮದೂ ಸೇರಿ!

ಶನಿವಾರ ಮಾವ ನಂಬರು ತಂದರು. ನಮ್ಮದು ಇಪ್ಪತ್ತಮೂರನೆಯದು.

"ಮಾವ, ಇದೊಂದ್ಸಲ ಮೊದಲು ನಮ್ಮದು ಮಾಡಿ."

"ಮುಂದಿರೋ ಇಪ್ಪತ್ತೆರಡು ಮನೇಲಿ ಯಾರ‍್ಯಾರು ಯಾವ ಫೋನಿಗೆ ಕಾಯ್ತಿದಾರೋ, ನಂಗೆ ಗೊತ್ತಾ ಪುಟ್ಟಿ?"

"ನೀವು ಕಲ್ಲು ಮಾವ! ಬರೀ ಕಲ್ಲು!" ಎಂದು ಕಿರುಚಿ ಕೋಣೆಯ ಬಾಗಿಲನ್ನು ಧಡಾರನೆ ಹಾಕಿಕೊಂಡೆ.

ಭಾನುವಾರ, ವಾರದ ರಜೆಯ ದಿನ, ಬೆಳಕು ಹರಿಯುವಷ್ಟರಲ್ಲೇ ಮಾವ ಮನೆಯಲ್ಲಿರಲಿಲ್ಲ. ನನ್ನ ಮುಖ ನೋಡಲಾರದೆ ತಪ್ಪಿಸಿಕೊಂಡರು ಎಂದುಕೊಂಡೆ. ಊಟಕ್ಕೂ ಬರಲಿಲ್ಲ. ಸಂಜೆ ಆರಕ್ಕೆ ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಮಾವ: ತಲೆಯಿಂದ ಕಾಲಿನವರೆಗೆ ಧೂಳು, ಬಿಸಿಲಿಗೆ ಕಪ್ಪಿಟ್ಟ ಮುಖ, ಅಂಗೈಯಲ್ಲಿ ಬೊಬ್ಬೆ.

"ಇಪ್ಪತ್ತೆರಡೂ ಮುಗೀತು ಮೇಡಂ. ಈಗ ನಿಮ್ಮದು," ಎಂದರು.

ಆ ಉರಿಬಿಸಿಲಿನಲ್ಲಿ ಇಪ್ಪತ್ತೆರಡು ಮನೆಗಳ ಲೈನು! ಸರದಿಯನ್ನೂ ಮುರಿಯಲಿಲ್ಲ, ನನ್ನನ್ನೂ ಕೈಬಿಡಲಿಲ್ಲ. ಕಲ್ಲು ಎಂದ ನಾಲಿಗೆಯನ್ನು ಎಲ್ಲಿಡಲಿ? ಅವರ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ.

ಸೋಮವಾರ ಮಾವ ರಜೆ ಹಾಕಿ ಫೋನಿನ ಪಕ್ಕ ಕುಳಿತರು. ಮಧ್ಯಾಹ್ನ ಮೂರಕ್ಕೆ ಅದು ರಿಂಗಾಯಿತು. ಮಾವ ಕೈ ಚಾಚಿದವರು ಹಿಂದಕ್ಕೆ ಎಳೆದುಕೊಂಡರು. "ನೀನೇ ಎತ್ತು ಪುಟ್ಟಿ. ನನ್ನ ಕೈಲಾಗಲ್ಲ."

ಅಪ್ಪನಿಗೆ ಎಚ್ಚರವಾಗಿತ್ತು. ನೀರು ಕೇಳಿದ್ದರಂತೆ. ಅಳುತ್ತಲೇ ಅದನ್ನು ಹೇಳಿ ರಿಸೀವರನ್ನು ಮಾವನ ಕೈಗೆ ಕೊಟ್ಟೆ. "ಅಕ್ಕಾ..." ಎಂದವರಿಗೆ ಮುಂದೆ ಮಾತೇ ಹೊರಡಲಿಲ್ಲ. ಅತ್ತ ಅಮ್ಮ, "ಹಲೋ! ಹಲೋ! ಲೈನ್ ಮತ್ತೆ ಕೆಟ್ಟಿತೇನೋ?" ಎಂದು ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ನಾನು ರಿಸೀವರ್ ತೆಗೆದುಕೊಂಡೆ.

"ಲೈನ್ ಚೆನ್ನಾಗಿದೆ ಅಮ್ಮಾ," ಎಂದೆ. "ಮಾವ ಅಳ್ತಿದಾರೆ."