ಕುರ್ಚಿ ಕೆಳಗಿನ ಕಳ್ಳ

"ನನ್ನ ಗಂಡನ ಕೈಗೆ ಈ ಗತಿ ತಂದವರು ಯಾರೇ ಆಗಲಿ, ಹಿಡಿದು ಬೆಳಕಿಗೆ ತಂದು ನಿಲ್ಲಿಸ್ತೀನಿ. ಇಲ್ಲಾಂದ್ರೆ ನನ್ನನ್ನ ಟಾರ್ಚಮ್ಮ ಅಂತ ಕರೀಲೇಬೇಡಿ!"

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹೀಗೆ ಶಪಥ ಮಾಡಿದಾಗ ಅವಳ ಸೊಂಟದಲ್ಲಿ ಟಾರ್ಚ್ ಇತ್ತು. ಯಾವಾಗಲೂ ಇರುತ್ತಿತ್ತು. ಹಾಲಿನವನ ಕ್ಯಾನಿನೊಳಕ್ಕೆ, ತರಕಾರಿಯವಳ ಬುಟ್ಟಿಯ ತಳಕ್ಕೆ, ಹಲ್ಲುನೋವು ಅಂದ ನೆಂಟರ ಬಾಯಿಗೆ ಬೆಳಕು ಬಿಟ್ಟು ನೋಡದೆ ಅವಳು ಯಾವ ಮಾತನ್ನೂ ನಂಬಿದವಳಲ್ಲ. ಬೀದಿಯವರು ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವಳ ಯಜಮಾನರದು ಕ್ಷೌರದಂಗಡಿ. ಒಬ್ಬ ಗಿರಾಕಿಯ ತಲೆ ಅರ್ಧ ಮುಗಿದಿರುವಾಗ ಅವರ ಕೈಯಿಂದ ಕತ್ತರಿ ಜಾರಿ ಅವನ ತೊಡೆಯ ಮೇಲೆ ಬಿದ್ದಿತ್ತು. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು, ತೋಳುದ್ದಕ್ಕೂ ಸೆಳೆತ. ಗಿರಾಕಿ ಅರ್ಧ ತಲೆಯಲ್ಲೇ ಮನೆಗೆ ಓಡಿದ. ಡಾಕ್ಟರು ಕತ್ತು ಒತ್ತಿ, ತೋಳು ಎತ್ತಿಸಿ, ನಾಡಿ ಹಿಡಿದು, "ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್" ಎಂದರು.

"ಜೋಮು ಹಿಡಿದಿರೋದು ಬೆರಳಿಗೆ, ನೀವು ಒತ್ತುತಿರೋದು ಕತ್ತು! ಬೆರಳು ಎಲ್ಲಿದೆ ಅಂತ ನಾನು ತೋರಿಸ್ಲಾ?" ಎಂದಳು ಟಾರ್ಚಮ್ಮ.

"ಅಮ್ಮಾ, ಕೊರಳೆಲುಬಿಗೂ ಪಕ್ಕೆಲುಬಿಗೂ ನಡುವೆ ಒಂದು ಸಣ್ಣ ಓಣಿ ಇದೆ. ಕೈಗೆ ಹೋಗೋ ನರ, ರಕ್ತನಾಳ ಎಲ್ಲ ಅಲ್ಲೇ ಹಾದು ಹೋಗ್ಬೇಕು. ಆ ಓಣಿ ಇಕ್ಕಟ್ಟಾಗಿದೆ. ವರ್ಷಾನುಗಟ್ಟಲೆ ತೋಳು ಎತ್ಕೊಂಡೇ ಕೆಲಸ ಮಾಡಿದಾರೆ."

"ಎಲ್ಲಾ ಅಂಗಡಿಯೋರೂ ತೋಳು ಎತ್ತುತಾರೆ. ಇವರಿಗೊಬ್ಬರಿಗೇ ಯಾಕೆ?"

"ಇವರು ಸ್ವಲ್ಪ ಜಾಸ್ತಿನೇ ಎತ್ತಿರೋ ಹಾಗಿದೆ."

ಯಜಮಾನರು ಕೆಮ್ಮಿದರು. ಆ ಕೆಮ್ಮೇ ಟಾರ್ಚಮ್ಮನಿಗೆ ಸಿಕ್ಕ ಮೊದಲ ಸುಳಿವು! ಇವರು ಏನೋ ಮುಚ್ಚಿಡುತ್ತಿದ್ದಾರೆ.

ಅಂಗಡಿಗೆ ಬೀಗ ಬಿತ್ತು. ವ್ಯಾಯಾಮ ಹೇಳಿಕೊಡಲು ಒಬ್ಬ ಫಿಸಿಯೋ ಹುಡುಗಿ ಗೊತ್ತಾದಳು. ಬೆಳಗಾದರೆ ಯಜಮಾನರು ಬಾಗಿಲ ಚೌಕಟ್ಟಿಗೆ ಎರಡೂ ತೋಳು ಆನಿಸಿ, ಎದೆ ಮುಂದೆ ಮಾಡಿ, ಗದ್ದ ಒಳಗೆಳೆದುಕೊಂಡು ನಿಲ್ಲುವರು. ಮುಖದಲ್ಲಿ ಮಹಾ ತಪಸ್ವಿಯ ಕಳೆ! ಅವರು ಯಾರ ಕಡೆ ನೋಡುತ್ತಿದ್ದಾರೆಂದು ಟಾರ್ಚಮ್ಮ ಅವರ ಬೆನ್ನ ಹಿಂದೆ ನಿಂತು ಕಣ್ಣಳತೆ ಹಾಕಿದಳು. ಎದುರಿಗೆ ಇದ್ದದ್ದು ನೀರಿನ ಟ್ಯಾಂಕು.

"ಇದೆಂಥಾ ಔಷಧ? ಬಾಗಿಲಲ್ಲಿ ನಿಂತ್ರೆ ಕೈ ವಾಸಿ ಆಗೋದಾದ್ರೆ, ಕಾವಲುಗಾರರೆಲ್ಲ ಪೈಲ್ವಾನರಾಗ್ಬೇಕಿತ್ತು!" ಎಂದಳು.

"ನಿಧಾನಕ್ಕೆ ಆಗುತ್ತೆ ಅಮ್ಮ. ಮೈಗೆ ಯಾವುದನ್ನೂ ಒಂದೇ ಸಲಕ್ಕೆ ಹೇರಬಾರದು. ಚೂರು ಚೂರೇ ರೂಢಿ ಮಾಡಿಸ್ಬೇಕು," ಎಂದಳು ಹುಡುಗಿ.

ಯಜಮಾನರು ಆ ಮಾತಿಗೆ ತಲೆದೂಗಿದ ರೀತಿಯೂ ಟಾರ್ಚಮ್ಮನಿಗೆ ಸರಿಕಾಣಲಿಲ್ಲ.

ಅಂಗಡಿ ಮುಚ್ಚಿದ್ದರೂ ಬೆಳಗ್ಗೆ ಹೋಗಿ ಗುಡಿಸಿ ಬರುವ ಪದ್ಧತಿಯನ್ನು ಅವಳು ಬಿಡಲಿಲ್ಲ. ಇಬ್ಬರೂ ಕೂಡಿ ಕಟ್ಟಿದ ಅಂಗಡಿ ಅದು. ಗೋಡೆಯ ಕನ್ನಡಿಗಳನ್ನು ಆರಿಸಿ ತಂದವಳೇ ಅವಳು. ಕುರ್ಚಿ ಮಾತ್ರ ಏರಿಳಿಯದ ಹಳೇ ಕಬ್ಬಿಣದ್ದು, ನೆಲಕ್ಕೆ ಅಂಟಿಕೊಂಡಂತಿತ್ತು. ಅದರಡಿಯ ಕೂದಲು ಗುಡಿಸಲು ಬಗ್ಗಿ ಬಗ್ಗಿ ಬೆನ್ನು ಹಿಡಿದಾಗ, ನಾಲ್ಕು ಕಾಲಿನ ಒಂದು ಮರದ ಪೀಠ ಮಾಡಿಸಿ ಕುರ್ಚಿಯನ್ನು ಅದರ ಮೇಲೆ ಕೂರಿಸಿದ್ದಳು. ಗಿರಾಕಿಗಳು ಸಿಂಹಾಸನ ಏರುವಂತೆ ಏರುತ್ತಿದ್ದರು, ಪೊರಕೆ ಕೆಳಗೆ ಅರಮನೆಯಲ್ಲಿ ಓಡಾಡಿದಂತೆ ಓಡಾಡುತ್ತಿತ್ತು.

ಈಗೀಗ ಆ ಪೊರಕೆಯೂ ತಕರಾರು ತೆಗೆಯಿತು. ಪೀಠದ ಕೆಳಗೆ ನುಗ್ಗದು! ಅವಳು ನೇರ ಪೊರಕೆಯವನ ಹತ್ತಿರ ಹೋದಳು.

"ಏನಯ್ಯಾ, ದಪ್ಪ ಪೊರಕೆ ಮಾರ್ತೀಯಾ?"

"ಅಮ್ಮಾ, ಮೊದಲಿಂದಲೂ ಇದೇ ಪೊರಕೆ!"

"ಹಾಗಾದ್ರೆ ಅಂಗಡಿಯ ನೆಲ ಮೇಲಕ್ಕೆದ್ದಿದೆಯಾ?"

ಅವನು ಬೇರೆ ಪೊರಕೆ ಕೊಟ್ಟ. ಅದೂ ನುಗ್ಗಲಿಲ್ಲ. ಮೋಸ ಊರಿಗೆಲ್ಲ ಹಬ್ಬಿದೆ ಎಂದು ಖಾತ್ರಿಯಾಯಿತು.

ಅಷ್ಟರಲ್ಲಿ ಯಜಮಾನರ ಅಂಗಿ ಒಗೆಯುವಾಗ ತೋಳಿನ ಮಡಿಕೆಯಿಂದ ಮರದ ಪುಡಿ ಉದುರಿತು. ಕೂದಲು ಉದುರಬೇಕಾದ ಅಂಗಿಯಿಂದ ಮರದ ಪುಡಿ!

"ಸಂಜೆ ಎಲ್ಲಿಗೆ ಹೋಗ್ತೀರಿ?"

"ವಾಕಿಂಗು ಕಣೇ. ಫಿಸಿಯೋ ಹೇಳಿದಾಳೆ."

"ಕಾಡಿನೊಳಗಾ?"

"ಯಾಕೆ?"

"ಏನಿಲ್ಲ."

ಏನಿಲ್ಲ ಎಂದಳೇ ಹೊರತು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಯಾವನೋ ಬಡಗಿಯ ಹತ್ತಿರ ಹೋಗಿ ಅಂಗಡಿಯ ಬೀರು, ಬೆಂಚಿಗೆ ಬೆಲೆ ಕಟ್ಟಿಸುತ್ತಿದ್ದಾರೆ. ಕೈ ವಾಸಿಯಾಗದು ಎಂದು ಇವರಿಗೆ ಗೊತ್ತಾಗಿದೆ. ನನಗೆ ಹೇಳದೆ ಅಂಗಡಿ ಮಾರುತ್ತಿದ್ದಾರೆ!

ಸಂಜೆ ಅವಳು ಹಿಂದೆಯೇ ಹೋದಳು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕರ್ ಕರ್ ಸದ್ದು. ಟಾರ್ಚ್ ಹೊತ್ತಿಸಿ ನುಗ್ಗಿದಳು. ಪಕ್ಕದ ಬಡಗಿ ಗರಗಸ ಹಿಡಿದು ನೆಲದ ಮೇಲೆ ಕೂತಿದ್ದ. ಯಜಮಾನರು ಬಲಗೈ ಜೋಪಾನವಾಗಿ ಎದೆಗಾನಿಸಿಕೊಂಡು, ಎಡಗೈಯಲ್ಲಿ ಕುರ್ಚಿ ಹಿಡಿದು ನಿಂತಿದ್ದರು.

"ಅಂಗಡಿ ಮಾರೋದಾದ್ರೆ ನನ್ನನ್ನೂ ಕುರ್ಚಿ ಜೊತೆಗೇ ಮಾರಿ!" ಎಂದು ಟಾರ್ಚಮ್ಮ ಪೀಠ ಹತ್ತಿ ಕುರ್ಚಿಯಲ್ಲಿ ಧೊಪ್ಪನೆ ಕೂತಳು.

"ಬೇಡಮ್ಮಾ! ಮೂರೇ ಕಾಲು ಕೊಯ್ದಿರೋದು!" ಎಂದು ಬಡಗಿ ಕೂಗುವ ಹೊತ್ತಿಗೆ ಸಿಂಹಾಸನ ವಾಲಿತು. ಮಹಾರಾಣಿ ಜಾರಿ ಮರದ ಪುಡಿಯ ರಾಶಿಗೆ ಬಿದ್ದಳು. ಯಜಮಾನರು ಗದ್ದ ಒಳಗೆಳೆದು, ಹೆಗಲು ಇಳಿಬಿಟ್ಟು, ಹೊಟ್ಟೆಯಿಂದ ಉಸಿರೆಳೆದುಕೊಂಡು ನಿಂತೇ ಇದ್ದರು.

"ಏನ್ರೀ ನೋಡ್ತೀರಿ? ಎತ್ತಿ!"

"ಎತ್ತೋ ಹಾಗಿಲ್ಲ ಕಣೇ. ಡಾಕ್ಟರು ಬೇಡ ಅಂದಿದಾರೆ."

ಬಡಗಿಯೇ ಎಬ್ಬಿಸಿದ.

"ಯಾರಿಗೆ ಮಾರಿದ್ರಿ?"

"ಮಾರೋದಾ? ಬರೋ ವಾರ ಬಾಗಿಲು ತೆಗೀಬೇಕು ಅಂತಲೇ ಇದೆಲ್ಲ. ಮೊಣಕೈ ಹೆಗಲಿಗಿಂತ ಮೇಲೆ ಹೋಗಬಾರದಂತೆ. ಗಿರಾಕಿ ತಲೆ ಕೆಳಗೆ ಬರಬೇಕು. ತಲೆ ಇಳೀಬೇಕಾದ್ರೆ ಕುರ್ಚಿ ಇಳೀಬೇಕು. ಕುರ್ಚಿ..."

ಇಬ್ಬರೂ ಪೀಠದ ಕಡೆ ನೋಡಿದರು.

"ಇದನ್ನ ಒಂದೇ ಸಲ ತೆಗೆದು ಬಿಸಾಕೋದಲ್ವಾ?" ಎಂದಳು ಟಾರ್ಚಮ್ಮ. ದನಿ ಸಣ್ಣದಾಗಿತ್ತು.

"ನಿನ್ನ ಬೆನ್ನು ಏನಾಗ್ಬೇಕು? ಮೈಗೆ ಚೂರು ಚೂರೇ ರೂಢಿ ಮಾಡಿಸ್ಬೇಕು ಅಂದ್ಲಲ್ಲ ಆ ಹುಡುಗಿ. ಪೀಠದ ಕಾಲನ್ನ ದಿನಾ ಒಂದೊಂದು ನೂಲಿನಷ್ಟೇ ಕೊಯ್ಸಿದ್ರೆ ನಿನಗೆ ಗೊತ್ತೇ ಆಗದ ಹಾಗೆ ಬಗ್ಗೋದು ಅಭ್ಯಾಸ ಆಗುತ್ತೆ ಅಂದ್ಕೊಂಡೆ."

"ಇಷ್ಟು ವರ್ಷ ತೋಳು ಮೇಲೆತ್ಕೊಂಡು ಸಾಯ್ತಿದ್ರಲ್ಲ, ಒಂದು ಮಾತು ಹೇಳೋಕೇನಾಗಿತ್ತು?"

"ಪೀಠ ಬಂದ ಮೇಲೆ ಬೆನ್ನು ನೋಯ್ತಿಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೆಯಲ್ಲೇ."

ಟಾರ್ಚಮ್ಮನಿಗೆ ತಡೆಯಲಾಗಲಿಲ್ಲ. ಇವರು ನಿಜ ಹೇಳುತ್ತಿದ್ದಾರೋ ಇಲ್ಲವೋ, ಕಣ್ಣು ನೋಡಿಯೇ ತೀರಬೇಕೆಂದು ಟಾರ್ಚ್ ಎತ್ತಿ ಅವರ ಮುಖಕ್ಕೆ ಬಿಟ್ಟಳು. ಅವರು ಪಕ್ಕಕ್ಕೆ ಸರಿದರು. ಬೆಳಕು ನೇರ ಎದುರಿನ ಕನ್ನಡಿಗೆ ಬಡಿದು ವಾಪಸು ಬಂದು, ಮರದ ಪುಡಿ ಮೆತ್ತಿಕೊಂಡಿದ್ದ ಅವಳ ಮುಖದ ಮೇಲೆಯೇ ನಿಂತಿತು. ಹಿಂದಿನ ಗೋಡೆಯಲ್ಲೂ ಕನ್ನಡಿ. ಸಾಲಾಗಿ ಟಾರ್ಚಮ್ಮಂದಿರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಟಾರ್ಚ್!

ಯಜಮಾನರು ಮೆಲ್ಲಗೆ ಹೇಳಿದರು:

"ಆರಿಸೇ ಸಾಕು. ಶಪಥ ತೀರಿತಲ್ಲ."